ಇವರ ಮನೆ ಹೇಗೆ ನಡೆಯುತ್ತೆ?

ನಮ್ಮ ಮನೆಗೆ ಬಂದವರು ಪುಸ್ತಕದ ಕಪಾಟಿನ ಮುಂದೆ ಎರಡು ನಿಮಿಷ ನಿಂತರೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಪತ್ತೇದಾರಿಯೂ ಇದೆ, ಇತಿಹಾಸದ ಕಾದಂಬರಿಯೂ ಇದೆ, ಬೂಕರ್ ಪ್ರಶಸ್ತಿ ಬಂದದ್ದೂ ಇದೆ. ಇಷ್ಟನ್ನೂ ಓದಿ ಇದು ಚೆನ್ನಾಗಿದೆ, ಅದು ಇಲ್ಲ ಅಂತ ಹೇಗೆ ಹೇಳ್ತೀರಿ? ಎಲ್ಲಕ್ಕೂ ಒಂದೇ ಅಳತೆಯಾ?" ತಿಂಗಳಿಗೊಮ್ಮೆ ಸೇರುವ ನಮ್ಮ ಓದುಗರ ಕೂಟಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದೂ ಇದನ್ನೇ. ಬಾಯಲ್ಲಿ ಹೇಳಲು ಹೊರಟಾಗೆಲ್ಲ ಕಾಫಿ ಬರುತ್ತದೆ, ಮಾತು ಬೇರೆಡೆ ಹರಿಯುತ್ತದೆ, ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ಹತ್ತಿರ ಒಂದು ಅಳತೆ ಇದೆ. ಅದು ನನ್ನದಲ್ಲ, ಅಮ್ಮನದು. ಎಂಬತ್ತರ ದಶಕದಲ್ಲಿ ನಮ್ಮ ಬೀದಿಯ ಬಾಡಿಗೆ ಪುಸ್ತಕದಂಗಡಿಯಿಂದ ಕಾದಂಬರಿ, ವಾರಪತ್ರಿಕೆ ತರುವುದು ನನ್ನ ಕೆಲಸ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತರೆ ನಾನು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಒಂದು ಮಧ್ಯಾಹ್ನ ಧಾರಾವಾಹಿಯ ನಾಯಕ ನಾಯಕಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟಿದ್ದ. ಅಮ್ಮ ಕೈ ನಿಲ್ಲಿಸಿ, "ತಡಿ. ಹದಿನಾಲ್ಕು ಕಂತಾಯ್ತು, ಈ ಹುಡುಗ ಒಂದು ದಿನ ಕೆಲಸಕ್ಕೆ ಹೋಗಿದ್ದು ಕಾಣೆ. ಇವರ ಮನೆ ಹೇಗೆ ನಡೆಯುತ್ತೆ?" ಅಂದಳು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಥೆಗಳನ್ನು ಅವಳು ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಆದರೂ ಮುಗಿದ ಮೇಲೆ ಕೊಲೆಯಾದವನ ಹೆಂಡತಿ ಮಕ್ಕಳ ಗತಿ ಏನು ಅಂತ ಕೇಳದೆ ಬಿಡುತ್ತಿರಲಿಲ್ಲ.

ಇಂದಿಗೂ ಯಾವ ಕಾದಂಬರಿ ಹಿಡಿದರೂ ನಾನು ಒಳಗೊಳಗೇ ಇದನ್ನೇ ಕೇಳುತ್ತೇನೆ. ಕಾದಂಬರಿ ಮನೆ ಖರ್ಚಿನ ಲೆಕ್ಕದ ಪುಸ್ತಕವಾಗಲಿ ಅಂತಲ್ಲ. ಕಥೆಗೆ ಬೇಡವಾದ ಹೊತ್ತಿನಲ್ಲೂ ಲೇಖಕರು ತಮ್ಮ ಜನರನ್ನು ನೋಡಿದ್ದಾರೋ ಇಲ್ಲವೋ ಎಂಬುದು ಈ ಒಂದು ಪ್ರಶ್ನೆಯಿಂದ ಬಹಳ ಬೇಗ ತಿಳಿಯುತ್ತದೆ. ಅನ್ನ ಎಲ್ಲಿಂದ ಬರುತ್ತದೆ, ಆ ಅನ್ನದ ಋಣ ಯಾರ ಮೇಲೆ ಹೇಗೆ ಕೂತಿದೆ ಎಂದು ಗೊತ್ತಿರುವ ಲೇಖಕರ ಪ್ರೇಮಕಥೆಯೂ ಬೇರೆ, ಕೊಲೆಯ ಕಥೆಯೂ ಬೇರೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಬಂದದ್ದು 2013ರಲ್ಲಿ. ಅಮ್ಮನ ಪ್ರಶ್ನೆಗೆ ಉತ್ತರವಾಗಿಯೇ ಬರೆದಂತಿದೆ ಆ ಕಿರು ಕಾದಂಬರಿ. ಸೇಲ್ಸ್‌ಮನ್ ಆಗಿದ್ದ ಅಪ್ಪನ ಕೆಲಸ ಹೋಗುತ್ತದೆ, ಚಿಕ್ಕಪ್ಪ 'ಸೋನಾ ಮಸಾಲಾ' ಶುರು ಮಾಡುತ್ತಾನೆ. ಕೇರಳದಿಂದ ಸಗಟಾಗಿ ಸಾಂಬಾರ ಪದಾರ್ಥ ತರಿಸಿ, ಸಣ್ಣ ಪೊಟ್ಟಣ ಕಟ್ಟಿ ಬೆಂಗಳೂರಿನ ಅಂಗಡಿಗಳಿಗೆ ಹಾಕುವ ವ್ಯಾಪಾರ. ಇರುವೆ ಮುತ್ತುವ ಇಕ್ಕಟ್ಟಿನ ಮನೆಯಿಂದ ಸಂಸಾರ ದೊಡ್ಡ ಮನೆಗೆ ಬರುತ್ತದೆ. ಕಥೆ ಹೇಳುವವನಿಗೆ ಕಂಪನಿಯಲ್ಲಿ ಹುದ್ದೆ ಇದೆ, ಕೆಲಸ ಇಲ್ಲ. ತಿಂಗಳಾದರೆ ಸಂಬಳ ಖಾತೆಗೆ ಬಂದು ಬೀಳುತ್ತದೆ. ಹೆಂಡತಿ ಅನಿತಾಗೆ ಇದು ತಿಳಿಯುವುದು ಮದುವೆಯಾದ ಮೇಲೆ. ಒಂದು ದಿನ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಹೆಂಗಸು ಬಾಗಿಲಿಗೆ ಬರುತ್ತಾಳೆ. ಮನೆಯವರು ಅವಳನ್ನು ಬೈದು ಅಟ್ಟುತ್ತಾರೆ. ಆ ಪುಟಗಳನ್ನು ಓದುವಾಗ ನನ್ನ ಎದೆ ಝಲ್ಲೆಂದಿತ್ತು, ಏಕೆಂದರೆ ಅಲ್ಲಿ ಯಾರೂ ಕೆಟ್ಟವರಲ್ಲ. ದುಡಿಯುವವನು ಒಬ್ಬನೇ, ಅವನಿಗೆ ನೋವಾಗಬಾರದು, ಅಷ್ಟೆ. ಕಾದಂಬರಿ ಮುಗಿಯುವ ಹೊತ್ತಿಗೆ ಈ 'ಅಷ್ಟೆ' ಎಂಬ ಮಾತೇ ಭಯ ಹುಟ್ಟಿಸುತ್ತದೆ. ಯಾವ ಥ್ರಿಲ್ಲರ್ ಕೂಡ ನನ್ನನ್ನು ಹಾಗೆ ಹೆದರಿಸಿಲ್ಲ. ಇದನ್ನು ಗಂಭೀರ ಸಾಹಿತ್ಯದ ಕಪಾಟಿನಲ್ಲಿಡಬೇಕೋ ಭಯದ ಕಥೆಗಳ ಕಪಾಟಿನಲ್ಲಿಡಬೇಕೋ ಎಂದು ನಮ್ಮ ಕೂಟದಲ್ಲಿ ಒಂದಿಡೀ ಸಂಜೆ ವಾದ ನಡೆದಿತ್ತು. ಅಂಥ ವಾದ ಹುಟ್ಟಿಸುವ ಪುಸ್ತಕಗಳೇ ನನಗೆ ಇಷ್ಟ.

ಕನ್ನಡದ ಓದುಗರಿಗೆ ಇದು ಹೊಸದೇನಲ್ಲ. ತೇಜಸ್ವಿಯವರ 'ಜುಗಾರಿ ಕ್ರಾಸ್' ಅಪ್ಪಟ ಥ್ರಿಲ್ಲರ್, ಆದರೆ ಅದರ ಬುಡದಲ್ಲಿರುವುದು ಏಲಕ್ಕಿಯ ವ್ಯಾಪಾರ. ಸುರೇಶ, ಗೌರಿ ಎಂಬ ಗಂಡ ಹೆಂಡತಿ ಬೆಳೆದ ಏಲಕ್ಕಿ ಮಾರಲು ಹೊರಟಲ್ಲಿಂದಲೇ ಅಪಾಯ ಹಿಂದೆ ಬೀಳುತ್ತದೆ. ಏಲಕ್ಕಿ ತೆಗೆದುಬಿಟ್ಟರೆ ಕಥೆಯೇ ಇಲ್ಲ. 1980ರಲ್ಲಿ ಬಂದ 'ಕರ್ವಾಲೋ' ವಿಜ್ಞಾನದ ಕಾದಂಬರಿಯೋ, ಹಳ್ಳಿಯ ಕಥೆಯೋ, ಹಾರುವ ಓತಿಯ ಬೆನ್ನು ಹತ್ತಿದ ಪತ್ತೇದಾರಿಯೋ? ಓದುವಾಗ ಯಾರಿಗೂ ಈ ಪ್ರಶ್ನೆ ಏಳಲಿಲ್ಲ. ಜೇನು ಹಿಡಿಯುವ ಮಂದಣ್ಣ ಅಷ್ಟು ನಿಜವಾಗಿದ್ದ.

ಅದಕ್ಕೇ ಪತ್ತೇದಾರಿ ಕಾದಂಬರಿಗಳನ್ನು ಓದುವಾಗ ನಾನು ರಿಯಾಯಿತಿ ತೋರಿಸುವುದಿಲ್ಲ. "ಟೈಮ್‌ಪಾಸ್‌ಗೆ ಪರವಾಗಿಲ್ಲ" ಎನ್ನುವುದು ಆ ಪ್ರಕಾರಕ್ಕೆ ಮಾಡುವ ಅವಮಾನ. ಕೊಲೆಗಾರ ಯಾರೆಂದು ತಿಳಿದ ಮೇಲೂ ಎರಡನೇ ಸಲ ಓದಬಹುದಾ ಎಂದು ನೋಡುತ್ತೇನೆ. ಅನಿತಾ ನಾಯರ್ ಇಂಗ್ಲಿಷಿನಲ್ಲಿ ಬರೆದ ಇನ್‌ಸ್ಪೆಕ್ಟರ್ ಬೋರೇಗೌಡನ ಮೊದಲ ಕಾದಂಬರಿ 2012ರಲ್ಲಿ ಬಂತು. ಬೆಂಗಳೂರಿನ ಶಿವಾಜಿನಗರ, ರಂಜಾನ್ ತಿಂಗಳ ರಾತ್ರಿಗಳು, ಇಲಾಖೆಯಲ್ಲಿ ಬದಿಗೆ ಸರಿದ ಒಬ್ಬ ಪೊಲೀಸ್ ಅಧಿಕಾರಿ. ಅದನ್ನು ಎರಡು ಸಲ ಓದಿದ್ದೇನೆ, ಎರಡನೆಯ ಸಲ ಊರಿಗಾಗಿ ಓದಿದೆ.

ಇತಿಹಾಸದ ಕಾದಂಬರಿಗಳಲ್ಲಿ ಅಮ್ಮನ ಪ್ರಶ್ನೆ ಇನ್ನೂ ಹರಿತವಾಗುತ್ತದೆ. ರಾಜ, ಯುದ್ಧ, ಗುಪ್ತಚರ, ರತ್ನಖಚಿತ ಕತ್ತಿ ಎಲ್ಲ ಇರುತ್ತದೆ, ಅಷ್ಟು ದೊಡ್ಡ ಸೈನ್ಯಕ್ಕೆ ರಾಗಿ ಬೆಳೆದವನು ಎಲ್ಲೂ ಇರುವುದಿಲ್ಲ. ಕಳೆದ ಹದಿನೈದು ವರ್ಷಗಳಲ್ಲಿ ಪುರಾಣ ಆಧರಿಸಿ ಇಂಗ್ಲಿಷಿನಲ್ಲಿ ಬಂದ ಎಷ್ಟೋ ಕಾದಂಬರಿಗಳನ್ನು ನಾನು ಅರ್ಧಕ್ಕೆ ಬಿಟ್ಟದ್ದು ಇದೇ ಕಾರಣಕ್ಕೆ. ದೇವತೆಗಳು ಮನುಷ್ಯರಾದರೆಂದು ನನಗೆ ಬೇಸರವಿಲ್ಲ. ಮನುಷ್ಯರಾದ ಮೇಲೆ ಹಸಿವಾಗಬೇಕಿತ್ತು. ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಈ ಪರೀಕ್ಷೆಯಲ್ಲಿ ಗೆದ್ದ ಪುಸ್ತಕ. ಲಿಸ್ಬನ್ನಿನ ತೇಜೋ ನದಿಯ ದಡದಿಂದ ತುಂಗಭದ್ರೆಯವರೆಗೆ ಎಳೆಯುವ ದಾರ ಅಲ್ಲಿ ಪ್ರೇಮ ಮಾತ್ರವಲ್ಲ, ಕಾಳುಮೆಣಸು ಕೂಡ. ಕಡಲು ದಾಟುವ ಹಡಗಿನ ಬದುಕನ್ನು ಅವರು ಎಷ್ಟು ತಾಳ್ಮೆಯಿಂದ ಬರೆದಿದ್ದಾರೆಂದರೆ ಆ ಭಾಗ ಮುಗಿದಾಗ ನನಗೆ ನೆಲ ಮುಟ್ಟಿದಂತಾಗಿತ್ತು.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕ ತಾನೇ ಹೊರಡದ ಊರಿಗೆ ಅದು ತಲುಪಲಿಲ್ಲವೆಂದು ದೂರಬಾರದು. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ಇತಿಹಾಸದ ಒಂದು ಒಗಟು ಹಿಡಿದು, ಆಕರಗಳ ಸಮೇತ ಥ್ರಿಲ್ಲರ್ ಕಟ್ಟುತ್ತಾರೆ. ಅಲ್ಲಿ ಒಗಟೇ ನಾಯಕ. ಪಾತ್ರಗಳ ಒಳಗುದಿಯನ್ನು ಆ ಪುಸ್ತಕಗಳಲ್ಲಿ ಹುಡುಕುವುದು ಬಾವಿಗಿಳಿದು ಮಾವಿನಹಣ್ಣು ಕೇಳಿದಂತೆ.

ಬೇರೆ ಭಾರತೀಯ ಭಾಷೆಗಳ ಕಾದಂಬರಿ ಓದುವಾಗ ನನಗೊಂದು ನೋವಿದೆ, ಅದನ್ನೂ ಹೇಳಿಬಿಡುತ್ತೇನೆ. ಎಸ್. ಹರೀಶರ ಮಲಯಾಳಂ ಕಾದಂಬರಿ 'ಮೀಶ' ನಾನು ಓದಿದ್ದು ಜಯಶ್ರೀ ಕಳತ್ತಿಲ್ ಅವರ ಇಂಗ್ಲಿಷಿನಲ್ಲಿ. ಆ ಅನುವಾದಕ್ಕೆ 2020ರಲ್ಲಿ ಜೆಸಿಬಿ ಸಾಹಿತ್ಯ ಪ್ರಶಸ್ತಿ ಬಂತು. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನ ಗದ್ದೆಗಳು, ನಾಟಕದಲ್ಲಿ ಪೊಲೀಸಿನವನ ಪಾತ್ರಕ್ಕೆಂದು ಬಿಟ್ಟ ಮೀಸೆಯನ್ನು ಬೋಳಿಸಲು ಒಪ್ಪದ ಪುಲಯ ಎಂಬ ದಲಿತ ಜಾತಿಯ ವಾವಚ್ಚನ್, ಆ ಮೀಸೆ ಕಂಡು ನಡುಗುವ ಊರು. ಯಾರ ಗದ್ದೆ, ಯಾರ ದುಡಿಮೆ ಎಂಬುದು ತಿಳಿದಿದ್ದರೆ ಮಾತ್ರ ಒಂದು ಮೀಸೆ ಇಷ್ಟು ದೊಡ್ಡ ಸುದ್ದಿ ಏಕಾಯಿತೆಂದು ಅರ್ಥವಾಗುತ್ತದೆ. ಅನುವಾದ ಚೆನ್ನಾಗಿದೆ. ಆದರೂ ನಮ್ಮ ಪಕ್ಕದ ಮನೆಯವರ ಮಾತು ಕೇಳಲು ನಾನು ಊರೆಲ್ಲ ಸುತ್ತಿ ಬಂದಂತೆ ಅನ್ನಿಸಿತು. ಕನ್ನಡಿಗರು ಮಲಯಾಳಂ, ತಮಿಳು, ಮರಾಠಿ ಪುಸ್ತಕಗಳನ್ನು ನೇರವಾಗಿ ಕನ್ನಡದಲ್ಲೇ ಓದುವಂತಾಗಬೇಕು, ಅನುವಾದಕರಿಗೆ ಅದಕ್ಕೆ ತಕ್ಕ ಸಂಭಾವನೆಯೂ ಸಿಗಬೇಕು.

ಇನ್ನು ಪ್ರಶಸ್ತಿಗಳು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾನು ಅತ್ತುಬಿಟ್ಟಿದ್ದೆ. ಮರುದಿನದಿಂದಲೇ ಎಲ್ಲರೂ "ಕನ್ನಡದಲ್ಲಿ ಸಿಗುತ್ತಾ?" ಎಂದು ಕೇಳತೊಡಗಿದರು. ಆ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವು, ನಮ್ಮ ನಡುವೆಯೇ ಇದ್ದವು. 'ಕರಿ ನಾಗರಗಳು' ಕಥೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲೇ 'ಹಸೀನಾ' ಸಿನಿಮಾ ಮಾಡಿದ್ದರು. ಗಂಡ ಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಅಮ್ಮ ಅಕ್ಕಿ ಆರಿಸುತ್ತ ಕೇಳುತ್ತಿದ್ದ ಪ್ರಶ್ನೆಯನ್ನು ಅವಳು ಊರಿನ ಮುಂದೆಯೇ ಕೇಳುತ್ತಾಳೆ.

ಈ ಅಳತೆ ಎಲ್ಲ ಕಡೆ ಸಾಲುತ್ತದಾ? ಇಲ್ಲ. ಗೀತಾಂಜಲಿ ಶ್ರೀಯವರ ಹಿಂದಿ ಕಾದಂಬರಿ 'ರೇತ್ ಸಮಾಧಿ'ಯನ್ನು ಎರಡು ಸಲ ಶುರು ಮಾಡಿ ಬಿಟ್ಟಿದ್ದೆ. ಗಂಡ ತೀರಿಕೊಂಡ ಮೇಲೆ ಎಂಬತ್ತರ ಮುದುಕಿ ಗೋಡೆಗೆ ಮುಖ ಮಾಡಿ ಮಲಗುತ್ತಾಳೆ, ಏಳುವುದಿಲ್ಲ. ನೂರಾರು ಪುಟ ಏಳುವುದಿಲ್ಲ. ದೊಡ್ಡ ಮಗ ಸರ್ಕಾರಿ ಅಧಿಕಾರಿ, ಮನೆ ಹೇಗೆ ನಡೆಯುತ್ತದೆಂಬುದು ಮೊದಲೇ ಗೊತ್ತಾಗಿಬಿಡುತ್ತದೆ, ಅದರಿಂದ ಮುಂದೆ ಹೋಗಲು ದಾರಿ ಕಾಣಲಿಲ್ಲ. 2022ರಲ್ಲಿ ಅದಕ್ಕೂ ಬೂಕರ್ ಬಂದ ಮೇಲೆ ನಾಚಿಕೆಯಿಂದ ಮತ್ತೆ ಕೈಗೆತ್ತಿಕೊಂಡೆ. ಈ ಸಲ ಅಮ್ಮನಿಗೆ ಓದಿ ಹೇಳುತ್ತ ಹೋದೆ. ಅವಳಿಗೀಗ ಎಂಬತ್ತೆರಡು, ಕಣ್ಣು ಮಂಜು, ಅಕ್ಕಿ ಆರಿಸುವುದು ನಿಂತು ಎಷ್ಟೋ ವರ್ಷವಾಯಿತು. ಹಿಂದಿಯಲ್ಲಿ ನೋಡಿಕೊಂಡು ಬಾಯಲ್ಲೇ ಕನ್ನಡ ಮಾಡುತ್ತಿದ್ದೆ.

ಏಳುವುದಿಲ್ಲ ಎನ್ನುವ ಮುದುಕಿಯ 'ನಹೀಂ' ಬಾಯಲ್ಲೇ ಸವೆದು ಸವೆದು 'ನಯೀ' ಆಗುವ ಜಾಗ ಬಂತು. ಬೇಡ ಎನ್ನುವುದೇ ಹೊಸಬಳಾಗುವುದು. ನಾನು ತಡವರಿಸಿದೆ. ಇದು ಹಿಂದಿಯ ಮಾತಿನಾಟ ಅಮ್ಮಾ, ಕನ್ನಡದಲ್ಲಿ ಬರಲ್ಲ ಎಂದು ವಿವರಿಸಿ ಮುಂದಿನ ಸಾಲಿಗೆ ಹೋದೆ. ಅಮ್ಮ ಸುಮ್ಮನಿದ್ದಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಗೊಣಗುವುದು ಕೇಳಿಸಿತು, ಪದ ಹೇಳುವ ಹಾಗೆ: "ಏಳೆ, ನಾ ಏಳೆ... ಏಳೆ... ಎಳೆ." ಹಳೆಯ ಹಾಡುಗಳ 'ಒಲ್ಲೆ', 'ಅರಿಯೆ'ಗಳ ಹಾಗೆ ಏಳಲಾರೆ ಎನ್ನುವ 'ಏಳೆ' ಅವಳ ಬಾಯಲ್ಲಿ ಗಿಡ್ಡವಾಗಿ ಎಳೆಯ ಚಿಗುರಿನ 'ಎಳೆ' ಆಗಿತ್ತು.

ನಾನು ಪುಸ್ತಕ ಮಡಚಿ ಅವಳ ಮುಖ ನೋಡುತ್ತ ಕೂತೆ. ಅವಳು ಈ ಕಾದಂಬರಿಯ ಬಗ್ಗೆ ತನ್ನ ಎಂದಿನ ಪ್ರಶ್ನೆಯನ್ನು ಕೇಳಲೇ ಇಲ್ಲ.

"ಯಾಕೆ ನಿಲ್ಲಿಸಿದೆ?" ಅಂದಳು. "ಓದು. ಎದ್ದಳಾ ಅವಳು?"