ಬೆಡ್ಡಿಂಗಿಗೆ ಹೇಳಿ ಮಾಡಿಸಿದಂಥ ಕಲ್ಲು

ಪೈಪ್‌ಲೈನ್ ಕೆಲಸದಲ್ಲಿ ಕಲ್ಲಿಗೆ ಎರಡೇ ಜಾತಿ: ಒಡೆಯಲು ಬ್ರೇಕರ್ ಯಂತ್ರ ಕೇಳುವುದು, ಕೇಳದಿರುವುದು. ಕೆಲಸದ ಅಳತೆ ಬರೆಯುವ ಎಂಬಿ ಪುಸ್ತಕದಲ್ಲಿ ಹಾರ್ಡ್ ರಾಕ್ ಎಂದು ಬರೆದರೆ ಒಂದು ದರ, ಸಾಫ್ಟ್ ರಾಕ್ ಎಂದರೆ ಇನ್ನೊಂದು. ಈ ವ್ಯತ್ಯಾಸಕ್ಕಾಗಿ ಗುತ್ತಿಗೆದಾರರೂ ಇಲಾಖೆಯವರೂ ಲೈನಿನ ಪ್ರತಿ ಚೇನೇಜಿನಲ್ಲಿ (ದೂರದ ಗುರುತಿನಲ್ಲಿ) ಜಗಳವಾಡುತ್ತಾರೆ. ಭೂವಿಜ್ಞಾನಿಯಾದ ನನ್ನನ್ನು ಸೈಟಿಗೆ ಕರೆಸಿಕೊಂಡಿದ್ದು ಆ ಜಗಳ ಬಿಡಿಸುವುದಕ್ಕೆ. ಕಲ್ಲಿನೊಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಸೈಟು ಹೊಳೆನರಸೀಪುರದ ಕಡೆ. ಅಲ್ಲಿನ ಶಿಸ್ಟ್ ಎಂಬ ಪದರಶಿಲೆಯ ಪಟ್ಟಿ 300 ಕೋಟಿ ವರ್ಷಕ್ಕೂ ಹಳೆಯದು. ಮೆಗ್ನೀಸಿಯಂ ತುಂಬಿದ ಶಿಲೆ ನೀರು ಮತ್ತು ಬಿಸಿಗೆ ಸಿಕ್ಕಿ ಸರ್ಪೆಂಟೈನ್, ಟಾಲ್ಕ್, ಟ್ರೆಮೊಲೈಟ್ ಆಗಿ ಬದಲಾಗಿದೆ. ಕೆಲವು ಬಿರುಕುಗಳಲ್ಲಿ ಅವೇ ಖನಿಜಗಳು ನಾರಾಗಿ ಬೆಳೆದಿವೆ. ಅದೇ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ದೇಶದಲ್ಲಿ ಗುರುತಿಸಿರುವ ಕಲ್ನಾರಿನ ನಿಕ್ಷೇಪದಲ್ಲಿ ರಾಜಸ್ಥಾನದ್ದೇ ದೊಡ್ಡ ಪಾಲು. ಎರಡನೆಯ ಸ್ಥಾನ ನಮ್ಮದು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಇದೇನೂ ಗುಟ್ಟಲ್ಲ. ಆ ಭಾಗದ ಭೂನಕ್ಷೆ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು.

ಕಡುಹಸಿರು ಬಣ್ಣದ ಗಟ್ಟಿ ಕಲ್ಲನ್ನು ಕುಟ್ಟುತ್ತಾ ಹೋದ ಬ್ರೇಕರಿಗೆ ಒಂದು ಕಡೆ ಬೂದುಬಿಳಿಯ ಮೆತ್ತನೆಯ ಪದರ ಎದುರಾಯಿತು. ಎಲ್ಲರಿಗೂ ಖುಷಿ. ಪೈಪಿನ ಅಡಿಗೆ ಹಾಸುವ ಬೆಡ್ಡಿಂಗಿನಲ್ಲಿ ಚೂಪು ಕಲ್ಲಿರಬಾರದು, ಎಂ-ಸ್ಯಾಂಡ್ ದುಬಾರಿ, ಇದಾದರೋ ಜರಡಿಯೂ ಬೇಡದ ಪುಡಿ. ನಾನು ಒಂದು ಹಿಡಿ ತೆಗೆದು ಬೆರಳಲ್ಲಿ ತಿಕ್ಕಿದೆ. ಸಾಬೂನಿನ ನುಣುಪು. ಬಳಪದ ಕಲ್ಲು, ಧಾರಾಳವಾಗಿ ಹಾಕಿ ಎಂದೆ. ನುಣುಪು ಟಾಲ್ಕಿನದು, ಸರಿ. ಆದರೆ ಟಾಲ್ಕ್ ಇರುವಲ್ಲಿ ಟ್ರೆಮೊಲೈಟ್ ಜೊತೆಗಿರುವುದು ಸಾಮಾನ್ಯ ಎಂಬುದು ಎಂಎಸ್ಸಿ ಓದಿದವನಿಗೆ ಗೊತ್ತಿರಬೇಕಾದ ವಿಷಯ. ಗಟ್ಟಿ ಕಲ್ಲನ್ನು ಲೆನ್ಸ್ ಹಿಡಿದು ನೋಡಿದ್ದ ನಾನು ಮೆತ್ತನೆಯದನ್ನು ಬರಿಗಣ್ಣಿನಲ್ಲೇ ಪಾಸು ಮಾಡಿದ್ದೆ.

ಒಂದು ಮಧ್ಯಾಹ್ನ ಜೆಸಿಬಿ ಆಪರೇಟರ್ ಕೈಯಲ್ಲೊಂದು ತುಂಡು ಹಿಡಿದು ಬಂದ. “ಸರ್, ಈ ಕಲ್ಲಿಗೆ ಬೇರು ಬಂದಿದೆ.”

ಉಗುರಿನಿಂದ ಎಳೆದೆ. ಬಾಚಿದ ಸೆಣಬಿನಂತೆ ಎಳೆಎಳೆಯಾಗಿ ಬಿಟ್ಟುಕೊಂಡಿತು. ಲೆನ್ಸಿನಡಿ ಪ್ರತಿ ಎಳೆಯೂ ಉದ್ದಕ್ಕೆ ಮತ್ತಷ್ಟು ಸೀಳುತ್ತಿತ್ತು. ಅವನು ಲೈಟರ್ ಹಚ್ಚಿ ಹಿಡಿದ. ಬೇರಾಗಿದ್ದರೆ ಕರಕಲಾಗಬೇಕಿತ್ತು, ಇದು ಸುಡಲೇ ಇಲ್ಲ. ನಾನು ತಲೆಯೆತ್ತಿ ನೋಡಿದಾಗ ಸೈಟಿನ ತುಂಬ ಬಿಳಿ ಧೂಳು. ಟ್ರೆಂಚಿನಿಂದ ಮೇಲೆ ಬಂದ ಫಿಟರ್ ಒಬ್ಬ ಟವೆಲಿನಿಂದ ಪಟಪಟನೆ ಅಂಗಿ ಕೊಡವಿಕೊಳ್ಳುತ್ತಿದ್ದ.

ಯಂತ್ರ ನಿಲ್ಲಿಸಿ ಎಂದೆ. ಸೂಪರ್‌ವೈಸರ್ ನನ್ನ ಮುಖ ನೋಡಿ, ಪ್ರಾಜೆಕ್ಟ್ ಮ್ಯಾನೇಜರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ.

“ಯಾರಿಗಾದರೂ ಪೆಟ್ಟಾಯಿತೇ?”

“ಇಲ್ಲ ಸರ್.”

“ಮತ್ತೆ ಮಷಿನ್ ಏಕೆ ನಿಂತಿದೆ?”

ಇದಕ್ಕೆ ಫೋನಿನಲ್ಲಿ ಏನು ಉತ್ತರ ಕೊಡುವುದು? ಈ ಎಳೆ ಮೂರು ಮೈಕ್ರಾನಿಗಿಂತ ಸಪೂರವಿದ್ದರೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ದೇಹ ಅದನ್ನು ಕರಗಿಸಲಾರದು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯ ಕ್ಯಾನ್ಸರ್ ಆದ ಮೆಸೊಥೆಲಿಯೋಮಾ ಕಾಣಿಸಿಕೊಳ್ಳುವುದಕ್ಕೆ 20ರಿಂದ 40 ವರ್ಷ. ಬೀಡಿ ಸೇದುವವನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಇನ್ನೂ ಹಲವು ಪಟ್ಟು. ನಮ್ಮ ಅಪಘಾತ ವರದಿಯ ನಮೂನೆಯಲ್ಲಿ “ಘಟನೆ ನಡೆದ ಸಮಯ” ಎಂಬ ಕಾಲಂ ಇದೆ. ಅಲ್ಲಿ ಯಾವ ಇಸವಿ ಬರೆಯಬೇಕು? ಮ್ಯಾನೇಜರ್ ಸುಮ್ಮನೆ ನಿಂತ ಯಂತ್ರಕ್ಕೂ ತೆರಬೇಕಾದ ಐಡಲ್ ಚಾರ್ಜಿನ ಲೆಕ್ಕ ಹೇಳುತ್ತಿದ್ದರು. ನಾನು ನೀರಿನ ಟ್ಯಾಂಕರ್ ಕೇಳುತ್ತಿದ್ದೆ. ಟ್ಯಾಂಕರ್ ಕಾಂಕ್ರೀಟ್ ಕ್ಯೂರಿಂಗಿಗೆ ಮಾತ್ರವಂತೆ.

ಆಗಲೇ ನೆನಪಾಯಿತು, ಮಿಕ್ಕ ಮಣ್ಣಿನ ಒಂದು ಟಿಪ್ಪರ್ ಲೋಡನ್ನು ದಾರಿಯಲ್ಲಿದ್ದ ಗೌಡರೊಬ್ಬರು ಕೊಟ್ಟಿಗೆಯ ಅಂಗಳಕ್ಕೆಂದು ಹಾಕಿಸಿಕೊಂಡಿದ್ದರು. ನಾವಾಗಿಯೇ ಹೋಗಿ ವಾಪಸ್ ಕೊಡಿ ಎಂದಾಗ ಅವರಿಗೆ ಅನುಮಾನ. ಪಕ್ಕದ ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದಲ್ಲಿ ಕ್ರೋಮೈಟ್ ಅದಿರಿನ ಗಣಿ ಇರುವುದು ಅವರಿಗೆ ಗೊತ್ತು. “ಅದರಲ್ಲಿ ಬೆಲೆ ಬಾಳುವುದೇನೋ ಸಿಕ್ಕಿರಬೇಕು, ಇಲ್ಲದಿದ್ದರೆ ಕಂಪನಿಯವರು ಮಣ್ಣಿಗೆ ಬರುತ್ತಾರೆಯೇ?” ಎಂದು ರಾಶಿಯ ಮೇಲೆ ಟಾರ್ಪಾಲು ಹೊದಿಸಿಬಿಟ್ಟರು. ನಾನು ಮಾಡಬೇಕೆಂದಿದ್ದ ಮೊದಲ ಕೆಲಸವೇ ಅದು. ಹೊದಿಸಿದ ಕಾರಣ ಬೇರೆ, ಅಷ್ಟೇ.

ಈ ಒಂದು ಲೋಡಿಗೆ ಇಷ್ಟೊಂದು ರಂಪವೇ ಎಂದು ಕಚೇರಿಯಲ್ಲಿ ನಕ್ಕರು. ಗ್ರೀಸಿನ ಮೆಟ್ಸೊವೊ ಊರಿನವರು ಟ್ರೆಮೊಲೈಟ್ ಇರುವ ಬಿಳಿ ಮಣ್ಣಿನಿಂದ ಮನೆಯ ಗೋಡೆಗೆ ಸುಣ್ಣದ ಹಾಗೆ ಬಳಿಯುತ್ತಿದ್ದರು. ಸಿಸಿಲಿಯ ಬಿಯಾಂಕಾವಿಲ್ಲಾದಲ್ಲಿ ಊರ ಪಕ್ಕದ ಕ್ವಾರಿಯ ಕಲ್ಲಿನಿಂದಲೇ ಮನೆ, ರಸ್ತೆ ಆದವು. ಅದರಲ್ಲಿದ್ದ ನಾರಿನಂಥ ಖನಿಜ ಈಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿದೆ. ಕಾರ್ಖಾನೆಯ ಮುಖ ನೋಡದವರಿಗೂ ಮೆಸೊಥೆಲಿಯೋಮಾ ಬಂದ ಊರುಗಳಿವು. ನಮ್ಮ ದೇಶದಲ್ಲಿ 1986ರಲ್ಲಿ ಕಲ್ನಾರು ಗಣಿಗೆ ಹೊಸ ಗುತ್ತಿಗೆ ಕೊಡುವುದು ನಿಂತಿತು, 1993ರಲ್ಲಿ ಹಳೆಯದರ ನವೀಕರಣವೂ ನಿಂತಿತು. ಗಣಿ ನಿಂತಿತೆಂದರೆ ವಿಷಯ ಮುಗಿಯಿತೆಂದು ಎಲ್ಲರ ನಂಬಿಕೆ. ಜಾರ್ಖಂಡಿನ ಚೈಬಾಸಾ ಬಳಿಯ ರೋರೋ ಗುಡ್ಡದ ಗಣಿ 1983ರಲ್ಲಿ ಮುಚ್ಚಿದರೂ ತ್ಯಾಜ್ಯದ ರಾಶಿ ಗುಡ್ಡದಲ್ಲೇ ಉಳಿಯಿತು. ಗುಡ್ಡ ತನ್ನ ಪಾಡಿಗೆ ತಾನಿದ್ದರೆ ತೊಂದರೆ ಕಡಿಮೆ. ಒಡೆದು, ಹೊತ್ತು, ಹರವುವವರು ನಾವು.

ಸೂಪರ್‌ವೈಸರ್ ಲ್ಯಾಬಿಗೆ ಕಳಿಸಿದ ಸ್ಯಾಂಪಲ್ “ನಾರು ಕಂಡುಬಂದಿಲ್ಲ” ಎಂದು ಬಂತು. ಅವನು ಆರಿಸಿದ್ದು ಅಂದವಾದ ಹಸಿರು ಗಟ್ಟಿ. ಮೆತ್ತನೆಯ ಪದರದಿಂದ ನಾನು ತೆಗೆದದ್ದರಲ್ಲಿ ಟ್ರೆಮೊಲೈಟ್ ಸಿಕ್ಕಿತು. ಎರಡು ಗುಂಡಿಗಳ ನಡುವೆ ಕೆಲವೇ ಅಡಿ ಅಂತರ. ಸ್ಯಾಂಪಲನ್ನು ಯಾರು, ಎಲ್ಲಿಂದ ತೆಗೆದರು ಎಂದು ಕೇಳದೆ ವರದಿ ಓದುವುದನ್ನು ಅಂದಿನಿಂದ ಬಿಟ್ಟೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ನೆಲ ಅಗೆಯುವುದಕ್ಕೆ 2002ರಿಂದಲೇ ನಿಯಮವಿದೆ: ನೆಲ ಒದ್ದೆಯಿರಬೇಕು, ಧೂಳು ಸೈಟಿನ ಗಡಿ ದಾಟಬಾರದು, ಚಕ್ರ ತೊಳೆದೇ ಲಾರಿ ರಸ್ತೆಗಿಳಿಯಬೇಕು. ಅದನ್ನೇ ಕನ್ನಡದಲ್ಲಿ ಒಂದು ಪುಟ ಬರೆದು ಕೊಟ್ಟೆ. ಸ್ಟೋರಿನವರು ಆಸ್ಪತ್ರೆಯ ನೀಲಿ ಮಾಸ್ಕಿನ ಡಬ್ಬ ಕಳಿಸಿದರು. ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕು ಬರುವ ಹೊತ್ತಿಗೆ ಆ ಪದರ ದಾಟಿಯಾಗಿತ್ತು. ಟ್ಯಾಂಕರ್ ಮಾತ್ರ ಬಂತು, ಇಲಾಖೆಯ ಎಂಜಿನಿಯರ್ (ಎಇಇ) ಬಾಯಿಮಾತಿನಲ್ಲಿ ಹೇಳಿದ ಮೇಲೆ. ಗೌಡರ ಅಂಗಳದ ಮಣ್ಣನ್ನು ನೆನೆಸಿ ತಂದು ಟ್ರೆಂಚಿನ ಆಳಕ್ಕೆ ತುಂಬಿ, ಮೇಲೆ ಕೆಂಪು ಮಣ್ಣು ಮುಚ್ಚಿದೆವು.

ಮುಂದೆ ಆ ಟ್ರೆಂಚನ್ನು ತೆರೆಯುವವರು ನೀರುಗಂಟಿಗಳು. ಆ ಉದ್ದಕ್ಕೂ ಎಚ್ಚರಿಕೆ ಟೇಪು ಹಾಕಿಸಿ, ನಕ್ಷೆಯಲ್ಲಿ ಗುರುತು ಮಾಡಿಸಿ, ಅಕ್ಕಪಕ್ಕದ ಎರಡೂ ಊರಿನ ನೀರುಗಂಟಿಗಳನ್ನು ಕರೆದು, ಅಗೆಯುವ ಮೊದಲು ನೀರು ಹೊಡೆಯಿರಿ ಎಂದೆ. “ಪೈಪು ಒಡೆದಿದೆ ಎಂದೇ ಅಗೆಯುವುದಲ್ಲವೇ ಸರ್, ಮಣ್ಣು ಹೇಗೂ ಒದ್ದೆಯಾಗಿರುತ್ತದೆ” ಎಂದ ಒಬ್ಬ. ನಿಜವೇ. ಹಾಗಾದರೆ ತೋಡಿದ ಮಣ್ಣನ್ನು ಒಣಗಲು ಬಿಡದೆ ಅಂದೇ ಮುಚ್ಚು ಎಂದೆ.