ಉದ್ಯಾನದ ಕೀಲಿ ಯಾರ ಕಡೆ?

ನವನಗರ, ಬಾಗಲಕೋಟೆ
ಭಾನುವಾರ, 12 ಜನವರಿ 2025

ನಮ್ಮ ಸೆಕ್ಟರಿನ ಉದ್ಯಾನವನ್ನು ನಿವಾಸಿಗಳ ಸಂಘವೇ ನೋಡಿಕೊಳ್ಳಬೇಕೆಂಬ ಒಪ್ಪಂದದ ಕರಡು ಇಂದು ಸಭೆಯ ಮುಂದೆ ಬಂದಿತು. ಗಿಡಗಳಿಗೆ ನೀರು ಬಿಡುವುದು, ಕಸ ತೆಗೆಸುವುದು, ಮಾಲಿಯ ಪಗಾರ ಕೊಡುವುದು ಸಂಘದ ಹೊಣೆ. ಜಾಗದ ಒಡೆತನ ಎಂದಿನಂತೆ ಸರಕಾರದ್ದು. ಕರಡನ್ನು ಓದಿ ಮುಗಿಸುತ್ತಿದ್ದಂತೆ ಹಿಂದೆ ಕುಳಿತಿದ್ದ ಹಿರಿಯರೊಬ್ಬರು, "ತೆರಿಗೀನೂ ನಾವ ಕಟ್ಟೂದು, ಪಗಾರಾನೂ ನಾವ ಕೊಡೂದು, ಅವರದೇನ್ರಿ ಕೆಲಸ?" ಎಂದು ಕೇಳಿದರು. ನಕ್ಕವರು ಬಹಳ ಮಂದಿ, ಉತ್ತರ ಕೊಟ್ಟವರು ಯಾರೂ ಇಲ್ಲ.

ಅವರ ಪ್ರಶ್ನೆ ನ್ಯಾಯವಾದದ್ದೇ. ಸಂವಿಧಾನದ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಮೈದಾನಗಳು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿವೆ. ಅದಕ್ಕೂ ಮೊದಲೇ, 1985ರಲ್ಲಿ, ಉದ್ಯಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ ಕಾಯ್ದೆ ಬಂದಿತ್ತು. ಆದರೂ ಹೊಣೆ ಮೆಲ್ಲಗೆ ಜನರ ಕಡೆಗೆ ಸರಿಯುತ್ತಿದೆ. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ: 1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಗಿ ಸೆಂಟ್ರಲ್ ಪಾರ್ಕ್ ಹಾಳುಬಿದ್ದ ಮೇಲೆ, 1980ರಲ್ಲಿ ಹುಟ್ಟಿದ ನಾಗರಿಕರ ಸಂಸ್ಥೆಯೊಂದು ಇಂದಿಗೂ ಆಡಳಿತದೊಡನೆ ಒಪ್ಪಂದ ಮಾಡಿಕೊಂಡು ಅದನ್ನು ನಿರ್ವಹಿಸುತ್ತಿದೆ. ಆ ಸಂಸ್ಥೆಗೆ ದೊಡ್ಡ ದಾನಿಗಳಿದ್ದಾರೆ. ನಮಗಿರುವುದು ತಿಂಗಳ ವಂತಿಗೆ, ಅದೂ ಎರಡು ಸಲ ಮನೆ ಬಾಗಿಲಿಗೆ ಹೋದರೆ.

ನವನಗರದಲ್ಲಿ ಈ ವಿಷಯಕ್ಕೆ ಬೇರೆಯದೇ ಹಿನ್ನೆಲೆಯಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಡೆಯಾಗುವವೆಂದು ಪಟ್ಟಣ ಅಭಿವೃದ್ಧಿ ಪ್ರಾಧಿಕಾರವು ಕಟ್ಟಿದ ನಗರವಿದು; ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇದರ ಯೋಜನೆಗೆ ಸಲಹೆಗಾರರಾಗಿದ್ದರು. ಹಳೆಯ ಊರಿನಲ್ಲಿ ಬೇವಿನ ಮರದ ಕಟ್ಟೆಯನ್ನು ಓಣಿಯವರೇ ನೋಡಿಕೊಳ್ಳುತ್ತಿದ್ದರು, ಅದಕ್ಕೆ ಯಾವ ಕರಾರೂ ಬೇಕಿರಲಿಲ್ಲ. ಇಲ್ಲಿ ಉದ್ಯಾನಗಳು ಮೊದಲು ನಕ್ಷೆಯಲ್ಲಿ ಮೂಡಿದವು, ನೆರೆಹೊರೆ ಆಮೇಲೆ ಕೂಡಿತು. ಹೀಗಾಗಿ ಸರಕಾರ ಕೊಟ್ಟದ್ದನ್ನು ಸರಕಾರವೇ ನೋಡಿಕೊಳ್ಳಲಿ ಎಂಬ ಭಾವನೆ ಬೆಳೆದಿದ್ದರೆ ಅದನ್ನು ಸೋಮಾರಿತನವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಸಭೆ ಬಿಸಿಯೇರಿದ್ದು ಕೀಲಿಯ ಮಾತು ಬಂದಾಗ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಗೇಟು ಹಾಕಿಡಬೇಕೆಂದು ಕರಡಿನಲ್ಲಿ ಒಂದು ಸಾಲಿತ್ತು, ಅದನ್ನು ಸೇರಿಸಿದ್ದು ಸರಕಾರಿ ಕಚೇರಿಯಲ್ಲ, ನಮ್ಮ ಸಂಘವೇ. ಆ ಹೊತ್ತಿನಲ್ಲಿ ಅಲ್ಲಿರುವವರು ಯಾರೆಂಬುದು ಎಲ್ಲರಿಗೂ ಗೊತ್ತು: ಪಕ್ಕದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸದವರು ಹೊಂಗೆ ಮರದ ಕೆಳಗೆ ರೊಟ್ಟಿ ಗಂಟು ಬಿಚ್ಚುತ್ತಾರೆ, ಕಾಯಿಪಲ್ಲೆ ಮಾರುವಾಕೆ ಬುಟ್ಟಿಯ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿ ಅರೆಗಳಿಗೆ ಅಡ್ಡಾಗುತ್ತಾಳೆ. ಅವರು ನಮ್ಮ ಸಂಘದ ಸದಸ್ಯರಲ್ಲ, ವಂತಿಗೆ ಕೊಡುವವರೂ ಅಲ್ಲ. ಸರಕಾರದ ಉದ್ಯಾನ ಗಲೀಜಾಗಿದ್ದರೂ ಅದರ ಗೇಟು ಇವರಿಗೆ ತೆರೆದಿರುತ್ತದೆ. ನಮ್ಮ ಕೈಗೆ ಬಂದ ಉದ್ಯಾನ ಚೊಕ್ಕಟವಾಗಿ, ಇವರಿಗೆ ಮುಚ್ಚಿರುವುದಾದರೆ ಆ ಚೊಕ್ಕಟತನ ನನಗೆ ಬೇಡ. ಇದನ್ನೇ ಸಭೆಯಲ್ಲಿ ಹೇಳಿದೆ. "ಸರ್, ಹಂಗಂದ್ರ ಪಾರ್ಟಿ ಮಾಡಾವ್ರೂ ಬರ್ತಾರ್ರಿ" ಎಂದರು ಕಾರ್ಯದರ್ಶಿ. ಅವರು ಬರುವುದು ರಾತ್ರಿ, ಮಧ್ಯಾಹ್ನವಲ್ಲ ಎಂದೆ.

ಜನರ ಪಾತ್ರ ಬೇಡವೆಂದಲ್ಲ. ಬೆಂಗಳೂರಿನಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಬಡಾವಣೆಯ ನಿವಾಸಿಗಳೇ ನ್ಯಾಯಾಲಯಕ್ಕೆ ಹೋದರು, 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಜಾಗ ಕೈಬಿಟ್ಟು ಹೋಗದಂತೆ ಕಾಯುವುದು, ಖರ್ಚಿನ ಲೆಕ್ಕ ಕೇಳುವುದು, ಯಾವ ಗಿಡ ಬೇಕೆಂದು ಹೇಳುವುದು ಸಂಘಕ್ಕೆ ಒಪ್ಪುವ ಕೆಲಸ. ಮಾಲಿಯ ಪಗಾರ ಮಾತ್ರ ಸರಕಾರದ ಲೆಕ್ಕದಲ್ಲೇ ಉಳಿಯಬೇಕು. ವಂತಿಗೆ ಬಾರದ ತಿಂಗಳು ಆತನ ಮನೆಯ ಒಲೆ ಹೊತ್ತುವುದು ಹೇಗೆ?

ಎರಡು ತಾಸು ಚರ್ಚೆಯಾದ ಮೇಲೆ ಗೇಟಿನ ಸಾಲನ್ನು ತೆಗೆದು, ರಾತ್ರಿ ಒಂಬತ್ತರ ನಂತರ ಮಾತ್ರ ಕೀಲಿ ಹಾಕುವುದೆಂದು ಬರೆಯಲಾಯಿತು. ಮಾಲಿಯ ಪಗಾರವನ್ನು ಕಚೇರಿಯೇ ಕೊಡಬೇಕೆಂದು ಕೇಳಲು ಒಪ್ಪಿಗೆಯಾಗಿದೆ. ಬೋರ್‌ವೆಲ್ ಮೋಟಾರಿನ ಹೆಸ್ಕಾಂ ಕರೆಂಟ್ ಬಿಲ್ಲು ಯಾರು ತುಂಬಬೇಕೆಂಬುದು ಇತ್ಯರ್ಥವಾಗದೆ, ಮುಂದಿನ ಭಾನುವಾರದ ಸಭೆಗೆ ಹೋಗಿದೆ.