ಎಲ್ಕ್ ಬಿದ್ದ ಮೇಲಿನ ಕೆಲಸ

ಅಮೆರಿಕದ ಕೊಲರಾಡೋದಲ್ಲಿ ಎಲ್ಕ್ (ಕಡವೆಗಿಂತ ದೊಡ್ಡ ಜಿಂಕೆ) ಶಿಕಾರಿಗೆ ಹೊರಟವರು ಮೊದಲು ಕೇಳುವುದು, ಯಾವ ರೈಫಲ್ ತಗೊಳ್ಳಲಿ ಅಂತ. ನಾನು ತಿರುಗಿ ಕೇಳುತ್ತೇನೆ: ನೂರು ಕೆಜಿ ಮಾಂಸ ಹೊರೋಕೆ ಯಾರಿದ್ದಾರೆ?

ನಾನು ಸಕಲೇಶಪುರದ ಕಡೆಯವನು. ಅಜ್ಜನ ಕೋವಿ ನೋಡಿದ್ದೆ, ಅಷ್ಟೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮ ಕಡೆ ಶಿಕಾರಿ ಮುಗಿದ ಕತೆ. ಡೆನ್ವರ್‌ನಲ್ಲಿ ನೆಲೆಸಿದ ಎಷ್ಟೋ ವರ್ಷಕ್ಕೆ ಆಫೀಸಿನ ಇಬ್ಬರು ಗೆಳೆಯರ ಜೊತೆ ಹೊರಟೆ. ಮೊದಲ ಎರಡು ವರ್ಷ ಬರಿಗೈ. ನಾಚಿಕೆಯೇನಿಲ್ಲ, ಐದು ಜನ ಹೋದರೆ ಒಬ್ಬರಿಗೆ ಸಿಕ್ಕರೂ ಪುಣ್ಯ.

ಕಾಗದಪತ್ರ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ. 1949ರಲ್ಲಿ ಅಥವಾ ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಶನ್ ಮುಗಿಸಿ ಕಾರ್ಡ್ ಪಡೆದಿರಬೇಕು. ಆರು ತಿಂಗಳು ಅಲ್ಲೇ ವಾಸವಿದ್ದವರಿಗೆ ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಪರವಾನಗಿ ಚೀಟಿ) ಅಗ್ಗ, ಹೊರರಾಜ್ಯದವರಿಗೆ ಹತ್ತು ಪಟ್ಟಿಗಿಂತ ಜಾಸ್ತಿ. ಎಚ್‌1ಬಿಯಂಥ ವೀಸಾದಲ್ಲಿರುವವರು ಬಂದೂಕು ಮುಟ್ಟುವ ಮುಂಚೆ ವಕೀಲರನ್ನು ಕೇಳಿ. ಫೆಡರಲ್ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದರೆ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ನಿಯಮ ವರ್ಷವರ್ಷ ಬದಲಾಗುತ್ತದೆ. ಹೋದ ವರ್ಷ ಗೆಳೆಯ ಹೇಳಿದ್ದನ್ನು ನಂಬಬೇಡಿ.

ನಾವು ಹೋಗಿದ್ದು ಅಕ್ಟೋಬರ್ ಕೊನೆಗೆ, ಎರಡನೇ ರೈಫಲ್ ಸೀಸನ್‌ಗೆ. ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ, ರೈಫಲ್ ಎಂಬ ಊರಲ್ಲಿ (ಹೌದು, ಊರಿನ ಹೆಸರೇ ಅದು) ಉತ್ತರಕ್ಕೆ ತಿರುಗಿದರೆ ಮೀಕರ್. ಸುಮಾರು ನಾಲ್ಕು ಗಂಟೆ ದಾರಿ. ಅಲ್ಲಿಂದ ಮೇಲೆ ಫ್ಲ್ಯಾಟ್ ಟಾಪ್ಸ್ ಬೆಟ್ಟ. ನಮ್ಮ ಟೆಂಟ್ ಇದ್ದದ್ದು 9,000 ಅಡಿಯಲ್ಲಿ. ಮುಳ್ಳಯ್ಯನಗಿರಿ 6,300 ಚಿಲ್ಲರೆ, ಲೆಕ್ಕ ಹಾಕಿ. ಎರಡು ದಿನ ಮುಂಚೆ ಹೋಗಿ ಸುಮ್ನೆ ಓಡಾಡಿ. ಏದುಸಿರು ಬಿಡುವ ಎದೆಯ ಮೇಲೆ ಕೋವಿ ನಿಲ್ಲಲ್ಲ. ಮೊದಲ ವರ್ಷದ ನನ್ನ ಈಡು ತಪ್ಪಿದ್ದೇ ಹಾಗೆ.

ಕಿತ್ತಳೆ ಅಥವಾ ಗುಲಾಬಿ ಫ್ಲೋರೊಸೆಂಟ್ ಬಟ್ಟೆ ಕಡ್ಡಾಯ, ಕನಿಷ್ಠ 500 ಚದರ ಇಂಚು, ಟೋಪಿ ಸೇರಿ.

ಮೂರನೇ ದಿನ ಬೆಳಗ್ಗೆ ಆಸ್ಪೆನ್ ಮರಗಳ ಅಂಚಿನಲ್ಲಿ ಒಂದು ಗಂಡು ನಿಂತಿತ್ತು. ನಮ್ಮ ಕಡವೆಯ ಅಣ್ಣನ ಹಾಗೆ, ಆದರೆ ಇನ್ನೂ ದೊಡ್ಡದು. ಕೊಂಬಿನ ಒಂದು ಬದಿಯಲ್ಲಿ ಕನಿಷ್ಠ ನಾಲ್ಕು ಕವಲಿರಬೇಕು, ಇಲ್ಲವೇ ಹಣೆಯ ಹತ್ತಿರದ ಕವಲು ಐದು ಇಂಚಾದರೂ ಇರಬೇಕು ಅಂತ ಅಲ್ಲಿ ನಿಯಮ. ಬೈನಾಕ್ಯುಲರ್‌ನಲ್ಲಿ ಎರಡು ಸಲ ಎಣಿಸಿದೆ. ಐದಿತ್ತು. ಈಡು ತಗುಲಿ ನಲವತ್ತು ಹೆಜ್ಜೆ ಹೋಗಿ ಬಿತ್ತು.

ಖುಷಿ ಹತ್ತು ನಿಮಿಷ. ಟ್ಯಾಗ್‌ಗೆ ಸಹಿ ಹಾಕಿ, ದಿನಾಂಕ ಬರೆದು, ಚಾಕು ತೆಗೆದೆವು. ಹಿಮದಲ್ಲಿ ಮಾಂಸ ಕೆಡಲ್ಲ ಅಂದುಕೊಳ್ಳಬೇಡಿ. ಆ ತೊಗಲು ಕಂಬಳಿ ಇದ್ದ ಹಾಗೆ, ಒಳಗಿನ ಬಿಸಿಯನ್ನು ಬಿಡುವುದೇ ಇಲ್ಲ. ಮೊದಲು ಕೆಡುವುದು ಹಿಂದೊಡೆಯ ಕೀಲಿನ ಹತ್ತಿರ. ಹೊಟ್ಟೆ ಬಗೆಯದೆ, ಒಂದೊಂದೇ ಪಕ್ಕದ ತೊಗಲು ಸುಲಿದು ತೊಡೆ ಬಿಡಿಸಿದೆವು. ಮಾಂಸದಿಂದ ಹಬೆ ಏಳುತ್ತಿತ್ತು. ಮರಗಟ್ಟಿದ ಬೆರಳನ್ನು ಅದರ ಮೇಲೇ ಕಾಯಿಸಿಕೊಂಡೆ. ಗಂಡೆಂದು ತೋರಿಸುವ ಭಾಗವನ್ನು ಒಂದು ತೊಡೆಗೆ ಅಂಟಿಕೊಂಡಂತೆಯೇ ಬಿಡಬೇಕು. ಚಾಕು ಎರಡಿರಲಿ, ಜಾಲರಿ ಬಟ್ಟೆಯ ಚೀಲ ಆರು. ಪ್ಲಾಸ್ಟಿಕ್ ಬೇಡವೇ ಬೇಡ, ಬೆವರಿ ಹಾಳಾಗುತ್ತದೆ.

ನಮ್ಮ ದೊಡ್ಡ ಎಡವಟ್ಟು ಎಂದರೆ ತಳ್ಳುಗಾಡಿ. ಕಾಸು ಕೊಟ್ಟು ತಂದಿದ್ದೆವು. ಆದರೆ ಎಲ್ಕ್ ಬಿದ್ದದ್ದು ವೈಲ್ಡರ್‌ನೆಸ್ (ಕಾನೂನು ಹಾಗೇ ಕಾಯ್ದಿಟ್ಟ ಕಾಡು) ಗಡಿಯೊಳಗೆ. ಅಲ್ಲಿ ಮೋಟಾರು ಮಾತ್ರವಲ್ಲ, ಗಾಲಿಯೇ ಕೂಡದು. ಗಡಿ ಮ್ಯಾಪಿನಲ್ಲಿ ದಪ್ಪಗೆ ಎಳೆದಿತ್ತು, ನೋಡಿದವರು ಯಾರು? ಮೂರು ಕಿಲೋಮೀಟರ್ ದೂರ, ಮೂರು ಜನ, ತಲಾ ಎರಡು ಹೊರೆ. ಒಂದು ಹಿಂದೊಡೆಯೇ ಮೂವತ್ತು ಕೆಜಿ ಹತ್ತಿರ. ಮೊದಲ ಹೊರೆ ಸಂಜೆಗೆ ಮುಗಿಯಿತು. ಉಳಿದದ್ದನ್ನು ಮರಕ್ಕೆ ತೂಗುಹಾಕಿ ಮರುದಿನ ಹೊತ್ತೆವು. ಈಗ ನಮ್ಮ ವಾಹನ ನಿಂತ ಜಾಗದಿಂದ ಎರಡು ಕಿಲೋಮೀಟರ್ ದಾಟಿದ ಮೇಲೆ ಎಂಥ ಗಂಡು ಕಂಡರೂ ನಾನು ಕೋವಿ ಎತ್ತುವುದಿಲ್ಲ.

ಜಿಂಕೆ ಜಾತಿಗೆ ಬರುವ, ಮಿದುಳನ್ನು ಹಾಳುಮಾಡುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗದ ಪರೀಕ್ಷೆಗೆ ತಲೆ ಕೊಟ್ಟು ಬನ್ನಿ, ಫಲಿತಾಂಶ ಬರುವವರೆಗೆ ತಿನ್ನಬೇಡಿ. ಮಾಂಸದಲ್ಲಿ ಕೊಬ್ಬು ಅನ್ನುವುದೇ ಇಲ್ಲ. ಕಾಳುಮೆಣಸು ಹುರಿದು ಹಾಕಿ, ತೆಂಗಿನೆಣ್ಣೆ ಧಾರಾಳವಾಗಿ ಬಿಡಿ. ಕುರಿಮಾಂಸಕ್ಕಿಂತ ಎರಡು ವಿಷಲ್ ಜಾಸ್ತಿ ಕೂಗಿಸಿ.